ಪಟ್ಟಿಯಲ್ಲಿಲ್ಲದ ದೇಶದ ಬೋರ್ಡ್ ತಾತ

ಅಂಗಡಿ ಹಾಕಬೇಕೆಂದು ನನ್ನ ಹತ್ತಿರ ಸಲಹೆ ಕೇಳಿಕೊಂಡು ಬರುವವರು ಈಗ ಬಹಳ ಮಂದಿ. ಕೇಳದವರಿಗೂ ನಾನು ಹೇಳುತ್ತೇನೆ, ಆ ಮಾತು ಬೇರೆ. ಜಾಗ ಹಿಡಿಯುವ ಮೊದಲು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗಿ ಪಾರ್ಕಿಂಗ್ ಲಾಟ್ ನೋಡಿಕೊಂಡು ಬನ್ನಿ. ಬಾಡಿಗೆಯ ವಿಚಾರದಲ್ಲಿ ಮೊದಲ ಮಾತು ನೀವು ಆಡಬೇಡಿ. ಫ್ರೀಜರನ್ನು ಹೊಸದಾಗಿ ಕೊಳ್ಳಬೇಡಿ, ಮುಚ್ಚಿಹೋಗುತ್ತಿರುವ ಹೋಟೆಲಿನವರ ಹತ್ತಿರ ಕೊಳ್ಳಿ. ಕೊನೆಯದಾಗಿ, ಬೋರ್ಡ್ ಬರೆಯುವವರ ಹತ್ತಿರ ಧಾರಾಳವಾಗಿ ಚೌಕಾಸಿ ಮಾಡಿ, ಆದರೆ ಅವರೊಂದು ಪ್ರಶ್ನೆ ಕೇಳಿದರೆ ಉತ್ತರ ಕೊಡದೆ ಎದ್ದು ಬರಬೇಡಿ.

ಈ ಕೊನೆಯ ಬುದ್ಧಿಮಾತು ಯಾರಿಗೂ ಅರ್ಥವಾಗುವುದಿಲ್ಲ. ಅದನ್ನು ಅರ್ಥ ಮಾಡಿಸಬೇಕಾದರೆ ಒಬ್ಬರ ಬಗ್ಗೆ ಹೇಳಬೇಕು. ಅವರು ಕಳೆದ ಚಳಿಗಾಲದಲ್ಲಿ ಅಮೆರಿಕದ ಷಾರ್ಲೆಟ್‌ನಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು.

ಹೆಸರು ಬರೆಯುವುದಿಲ್ಲ. ನಾನು ಅವರನ್ನು ಹೆಸರು ಹಿಡಿದು ಕರೆದವಳೇ ಅಲ್ಲ. ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿ ನನ್ನ ತಿಂಡಿ ಅಂಗಡಿ ಇರುವ ಪ್ಲಾಜಾದ ಮೂಲೆಯಲ್ಲಿ ಅವರ ಅಂಗಡಿ ಇತ್ತು. ಎಲ್ಲರೂ ಕಂಪ್ಯೂಟರಿನಲ್ಲಿ ಅಕ್ಷರ ಕತ್ತರಿಸಿ ಅಂಟಿಸುವ ಈ ಕಾಲದಲ್ಲಿ ಅವರು ಕುಂಚ ಹಿಡಿದು ಬೋರ್ಡ್ ಬರೆಯುತ್ತಿದ್ದರು. ವಯಸ್ಸು ಎಪ್ಪತ್ತೈದರ ಆಸುಪಾಸು. ಬಿಳಿಯ ಹುಬ್ಬು, ಕೆಂಪು ಮೂಗು, ಮೊಣಕಾಲಿನ ತನಕ ಬಣ್ಣ ಬಳಿದುಕೊಂಡ ಪ್ಯಾಂಟು. ನಾನು ಅವರನ್ನು ‘ಬೋರ್ಡ್ ತಾತ’ ಎಂದು ಕರೆಯಲು ಶುರು ಮಾಡಿದೆ. ಅದರ ಅರ್ಥವೇನೆಂದು ಒಂದು ದಿನ ಕೇಳಿದರು. ಕೋಪ ಬಂದೀತೆಂದು ಅಂಜಿಕೊಂಡೇ ಹೇಳಿದೆ. ಅವರು ತೊಡೆ ತಟ್ಟಿಕೊಂಡು ನಕ್ಕರು. ಅವರ ಹಳ್ಳಿಯಲ್ಲಿ ಮುಕ್ಕಾಲು ಪಾಲು ಮನೆಗಳಿಗೆ ಒಂದೇ ಮನೆತನದ ಹೆಸರಂತೆ. ಹಾಗಾಗಿ ಯಾರು ಯಾರೆಂದು ತಿಳಿಯಲು ಕಸುಬೇ ಗತಿ. ಹಾಲಿನವನು, ರೊಟ್ಟಿಯವನು, ಕಲ್ಲಿದ್ದಲಿನವನು.

“ನಮ್ಮಪ್ಪ ಅಂಚೆ. ರಿಟೈರ್ ಆದ್ಮೇಲೂ ಅಂಚೆ, ಸತ್ತ ಮೇಲೂ ಅಂಚೆ,” ಅಂದರು.

“ನಮ್ಮ ತಿಪಟೂರಲ್ಲೂ ಹಂಗೇ ತಾತ. ನಮ್ಮಪ್ಪ ಕೊಬ್ಬರಿ.”

“ಹಾಗಾದ್ರೆ ನೀನು ನಮ್ಮೂರ ಪಕ್ಕದ ಊರೋಳೇ.”

ಅವರು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಕೇಳಿದ್ದು ನನ್ನ ಕಿವಿಗೆ ಕನ್ನಡವಾಗಿ ಇಳಿದ ಹಾಗೆ ಬರೆಯುತ್ತಿದ್ದೇನೆ. ನನ್ನನ್ನು ‘ಬಾಖ್’ ಎನ್ನುತ್ತಿದ್ದರು. ನಾವು ಚಿಕ್ಕವರನ್ನು ‘ಮರಿ’ ಎನ್ನುತ್ತೇವಲ್ಲ, ಹಾಗೆ. ಐವತ್ತು ದಾಟಿದ ಹೆಂಗಸನ್ನು ಮರಿ ಎನ್ನುವವರು ಈ ದೇಶದಲ್ಲಿ ಇನ್ಯಾರು ಸಿಗುತ್ತಾರೆ?

ನಮ್ಮಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಬುತ್ತಿ ಕೊಡಲು ಹೋಗುತ್ತಿದ್ದ ನಾನು ಹರಾಜು ನೋಡಿಕೊಂಡು ಕೂತುಬಿಡುತ್ತಿದ್ದೆ. ನನ್ನ ಡಿಗ್ರಿ ಅದೇ. ಯಜಮಾನರಿಗೆ ಅಟ್ಲಾಂಟಾದ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿ ನಾವು ಇಲ್ಲಿಗೆ ಬಂದೆವು. ಕೊರೊನಾ ಬಂದು ಎಲ್ಲರೂ ಬಾಗಿಲು ಹಾಕಿಕೊಂಡು ಕೂತಾಗ, ನಾನು ಮನೆಯಲ್ಲೇ ಚಟ್ನಿಪುಡಿ, ಕೋಡುಬಳೆ, ಕೊಬ್ಬರಿ ಮಿಠಾಯಿ ಮಾಡಿ ವಾಟ್ಸ್ಯಾಪಿನಲ್ಲಿ ಮಾರಿದೆ. ಮರುವರ್ಷ ಪ್ಲಾಜಾದಲ್ಲಿ ಜಾಗ ಹಿಡಿದೆ. ಆಗ ಬೇಕಾದದ್ದೇ ಬೋರ್ಡು.

ಮೊದಲ ದಿನವೇ ಜಗಳ.

“ಏನು ಬರೀಬೇಕು?” ಅಂದರು.

“ಇಂಡಿಯನ್ ಸ್ನ್ಯಾಕ್ಸ್. ದೊಡ್ಡದಾಗಿ. ಕೆಂಪಲ್ಲಿ.”

“ನೀನು ಯಾರು?”

“ಇಂಡಿಯನ್.”

“ಅದು ಕಾಣುತ್ತೆ. ನಿಮ್ಮೂರ ಹೆಂಗಸರ ಜೊತೆ ಕೂತಾಗ ‘ನಮ್ಮೋರು’ ಅಂತ ಯಾರನ್ನ ಅಂತೀರಿ? ಆ ಹೆಸರು ಹೇಳು.”

ಬೋರ್ಡ್ ಬರೆಸಲು ಬಂದವಳನ್ನು ಕೂರಿಸಿಕೊಂಡು ವಂಶಾವಳಿ ಕೇಳುತ್ತಾರಲ್ಲ ಎಂದು ನನಗೆ ರೇಗಿತು. ಎದ್ದು ಹೊರಟೆ. ಹತ್ತಿರದಲ್ಲಿ ಬೇರೆ ಬೋರ್ಡಿನವರು ಯಾರೂ ಅಷ್ಟು ಕಡಿಮೆಗೆ ಬರೆಯುವುದಿಲ್ಲವೆಂದು ನೆನಪಾಗಿ ಮತ್ತೆ ಕೂತೆ. ಆಗ ಅವರು ತಮ್ಮ ಕಥೆ ತೆಗೆದರು.

ಅವರು ವೇಲ್ಸ್‌ನವರು. ಆದರೆ ಆ ಹೆಸರನ್ನು ಅವರು ಬಾಯಿಯ ತುದಿಯಲ್ಲಿ ಹಿಡಿದು ಆಚೆಗೆ ಎಸೆದ ಹಾಗೆ ಹೇಳುತ್ತಿದ್ದರು. ವೇಲ್ಸ್, ವೆಲ್ಷ್ ಎನ್ನುವುದು ಪಕ್ಕದ ಇಂಗ್ಲಿಷರು ಇಟ್ಟ ಹೆಸರಂತೆ, ಹಿಂದೆ ಅದಕ್ಕಿದ್ದ ಅರ್ಥ ‘ಹೊರಗಿನವರು’. “ಯೋಚನೆ ಮಾಡು ಬಾಖ್, ನಾವು ನಮ್ಮ ಮನೇಲೇ ಕೂತಿದೀವಿ, ಆಮೇಲೆ ಬಂದೋನು ನಮ್ಮನ್ನ ಹೊರಗಿನವರು ಅಂತಾನೆ!” ಅವರ ಭಾಷೆಯಲ್ಲಿ ನಾಡಿನ ಹೆಸರು ಕಮ್ರಿ. ಜನರ ಹೆಸರೂ ಕೇಳಲು ಹಾಗೆಯೇ, ಕಮ್ರಿ. ಒಂದೇ ನೆಲದ ಜೊತೆಗಾರರು ಎಂದು ಅದರ ಅರ್ಥ. ಗಂಡಸಾದರೆ ಕಮ್ರೊ, ಹೆಂಗಸಾದರೆ ಕಮ್ರೈಸ್. ‘ಕಮ್ರೊ’ ಎನ್ನುವಾಗ ಅವರ ಕೈ ತಾನಾಗಿ ಎದೆಯ ಮೇಲೆ ಹೋಗುತ್ತಿತ್ತು. ಆಮೇಲೆ ಅಂಗಿಯ ಮೇಲೆ ಐದು ಬೆರಳಿನ ಬಣ್ಣ.

“ಪಕ್ಕದ ಮನೆಯೋರು ಕೂಗೋ ಹೆಸರನ್ನ ನಿನ್ನ ಬಾಗಿಲ ಮೇಲೆ ಬರೆಸ್ತೀಯಾ?” ಅಂದರು.

“ತಾತ, ಪಕ್ಕದ ಮನೆಯೋರೇ ನನ್ನ ಗಿರಾಕಿ. ನಮ್ಮೋರು ಬಂದ್ರೆ ಡಿಸ್ಕೌಂಟ್ ಕೇಳ್ತಾರೆ.”

ಅವರು ಕುಂಚ ಕೆಳಗಿಟ್ಟು ನಕ್ಕರು. ಆದರೂ ಬಿಡಲಿಲ್ಲ. ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಪ್ಲಾಜಾ ತೋರಿಸಿದರು. ಕೊರಿಯಾದವರ ಬೇಕರಿ, ವಿಯೆಟ್ನಾಮಿನವರ ನೂಡಲ್ಸ್ ಅಂಗಡಿ, ಚೀನಾದವರ ಔಷಧದ ಅಂಗಡಿ. ಎಲ್ಲರೂ ಮೇಲೆ ತಮ್ಮ ಅಕ್ಷರದಲ್ಲಿ ಬರೆಸಿ ಕೆಳಗೆ ಇಂಗ್ಲಿಷ್ ಇಟ್ಟಿದ್ದರು. “ಎಲ್ಲರೂ ತಾವು ಯಾರು ಅಂತ ಹೇಳಿದಾರೆ. ನೀನೊಬ್ಬಳೇ ಅಡ್ರೆಸ್ ಹೇಳ್ತಿರೋದು.”

ನನಗೆ ಅದೇ ಡುಲುತ್‌ನ ಇನ್ನೊಬ್ಬ ಅಂಗಡಿಯವರು ನೆನಪಾದರು. ಗುಜರಾತಿನ ಕಡೆಯವರು. ನಾನು ಚಟ್ನಿಪುಡಿ ಸ್ಯಾಂಪಲ್ ತೆಗೆದುಕೊಂಡು ಹೋದಾಗ ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ್ದರು, ‘ಆ ಮದ್ರಾಸಿ ಹೆಂಗಸು ಬಂದಿದೆ’ ಎಂದು. ನನ್ನ ಜನ್ಮದಲ್ಲಿ ನಾನು ಮದ್ರಾಸು ನೋಡಿಲ್ಲ. ಇದನ್ನು ಹೇಳಿದಾಗ ತಾತ ಮೇಜು ಗುದ್ದಿದರು. “ಹಾಂ! ಅದೇ! ಅದೇ ನಾನು ಹೇಳ್ತಿರೋದು!”

ಕೊನೆಗೆ ಚೌಕಾಸಿ ನಡೆಯಿತು. ಕನ್ನಡದ ಸಾಲನ್ನು ಪುಕ್ಕಟೆ ಬರೆದುಕೊಡುತ್ತೇನೆ, ಆದರೆ ಅದು ಮೇಲೆ ಇರಬೇಕು, ಇಂಗ್ಲಿಷಿನಷ್ಟೇ ದೊಡ್ಡದಿರಬೇಕು ಎಂದರು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಊರಿನವಳು ನಾನು. ಒಪ್ಪಿದೆ. ‘ತಿಪಟೂರಿನವರ ತಿಂಡಿ ಅಂಗಡಿ’ ಎಂದು ಕಾಗದದಲ್ಲಿ ಬರೆದುಕೊಟ್ಟೆ. ನಮ್ಮ ಅಕ್ಷರಗಳನ್ನು ನೋಡಿ ಅವರು, “ಎಲ್ಲಾ ದುಂಡಗೆ, ಒಂದಕ್ಕೂ ಮೂಳೆ ಇಲ್ಲ,” ಅಂದರು. ಆಮೇಲೆ ಆ ದುಂಡು ಕೈಗೆ ಹತ್ತುವ ತನಕ ವಾರಗಟ್ಟಲೆ ರಟ್ಟಿನ ಮೇಲೆ ಬರೆದು ಬರೆದು ನೋಡಿದರು. ಬೋರ್ಡು ತಡವಾಯಿತು. ಆ ತಡವೇ ನನ್ನ ಪುಣ್ಯ, ಯಾಕೆಂದರೆ ದಿನವೂ ಅಲ್ಲಿಗೆ ಹೋಗಿ ಕೂರುವ ಅಭ್ಯಾಸವಾಯಿತು. ಬೋರ್ಡು ಮೇಲೇರಿದ ಮೇಲೂ ಅದು ಬಿಡಲಿಲ್ಲ.

ಬೋರ್ಡಿನವರಾಗುವ ಮೊದಲು ಅವರು ಬೋರ್ಡ್ ಅಳಿಸುವವರಾಗಿದ್ದರು. ಯೌವನದಲ್ಲಿ ಅವರ ನಾಡಿನ ರಸ್ತೆಗಳಲ್ಲಿ ಊರಿನ ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ, ಇಂಗ್ಲಿಷರ ನಾಲಿಗೆಗೆ ತಕ್ಕ ಹಾಗೆ ಇದ್ದವಂತೆ. ಹುಡುಗರು ಹುಡುಗಿಯರು ಗುಂಪು ಕಟ್ಟಿಕೊಂಡು ಅವಕ್ಕೆ ಹಸಿರು ಬಣ್ಣ ಬಳಿದರು. ತಾತನೂ ಸಿಕ್ಕಿಬಿದ್ದರು. ಕೋರ್ಟಿನಲ್ಲಿ ಕೇಳಿದ್ದಕ್ಕೆಲ್ಲ ತಮ್ಮ ಭಾಷೆಯಲ್ಲೇ ಉತ್ತರ ಕೊಟ್ಟು ದಂಡ ಹಾಕಿಸಿಕೊಂಡರು. ಅಂಚೆ ಹಂಚುತ್ತಿದ್ದ ಅಪ್ಪ ಮನೆಗೆ ಬಂದು ಬೈದದ್ದು ಇಷ್ಟೇ ಅಂತೆ: “ಗೂಬೆ, ಹಸಿರು ಬಳಿದಿದೀಯ ಸರಿ, ಇಷ್ಟು ಕೆಟ್ಟದಾಗಿ ಬಳಿಯೋದಾ? ಅಂಚು ನೋಡು, ಹೆಂಗೆ ಸೋರಿದೆ.” ಮರುವಾರವೇ ಮಗನನ್ನು ಒಬ್ಬ ಬೋರ್ಡ್ ಬರೆಯುವವರ ಹತ್ತಿರ ಕೆಲಸ ಕಲಿಯಲು ಬಿಟ್ಟರಂತೆ. ಈಗ ಅಲ್ಲಿಯ ರಸ್ತೆಗಳಲ್ಲೆಲ್ಲ ಎರಡೂ ಭಾಷೆ ಇದೆ. ಅದನ್ನು ನೋಡುವ ಹೊತ್ತಿಗೆ ತಾತ ಒಬ್ಬ ಅಮೆರಿಕದ ಹುಡುಗಿಯ ಹಿಂದೆ ಜಾರ್ಜಿಯಾಕ್ಕೆ ಬಂದಾಗಿತ್ತು.

ಮಹಾ ಹಟದ ಮನುಷ್ಯ. ಒಮ್ಮೆ ಕಾಫಿ ಅಂಗಡಿಯ ಹುಡುಗನೊಬ್ಬ ಗೋಡೆಯ ಮೇಲೆ ತಾತನದೇ ಭಾಷೆಯ ‘ಹಿರೈತ್’ ಎಂಬ ಪದ ಬರೆಸಲು ಬಂದ. ಊರಿನ ಹಂಬಲ ಎಂದು ಅದರ ಅರ್ಥ, ಇಂಟರ್ನೆಟ್ಟಿನಲ್ಲಿ ಓದಿದೆ, ಬಹಳ ಚೆನ್ನಾಗಿದೆ ಎಂದ. ತಾತ ಬರೆಯುವುದಿಲ್ಲ ಎಂದುಬಿಟ್ಟರು. ಒಳ್ಳೆಯ ಕೆಲಸ ಕಳೆದುಕೊಂಡರಲ್ಲ ಎಂದು ನಾನು ಬೈದೆ. “ಅಳು ಬಂದ್ರೆ ಮನೇಲಿ ಅಳಬೇಕು ಬಾಖ್, ಕಾಫಿ ಮೆಷಿನ್ ಮೇಲಲ್ಲ,” ಅಂದರು. ಭಾನುವಾರ ಅವರು ಹೋಗುತ್ತಿದ್ದುದು ಕೊರಿಯಾದವರ ಚರ್ಚಿಗೆ. ಅವರ ಹಳ್ಳಿಯಲ್ಲಿ ಹಾಡುತ್ತಿದ್ದ ಹಾಗೆ ಗಂಡಸರೊಂದು ಸ್ವರ, ಹೆಂಗಸರೊಂದು ಸ್ವರ ಹಿಡಿದು ಹಾಡುವವರು ಡುಲುತ್‌ನಲ್ಲಿ ಅವರೇ ಅಂತೆ. ರಾಗ ಎರಡೂ ಕಡೆ ಒಂದೇ. ಕೊರಿಯಾದವರು ಅವರ ಮಾತಿನಲ್ಲಿ ಹಾಡುವಾಗ ತಾತ ನಡುವೆ ನಿಂತು ತಮ್ಮ ಮಾತಿನಲ್ಲಿ ಹಾಡುತ್ತಿದ್ದರು. ಯಾರೂ ಬೇಡ ಎನ್ನಲಿಲ್ಲ, ಊಟಕ್ಕೂ ನಿಲ್ಲಿಸಿಕೊಳ್ಳುತ್ತಿದ್ದರು.

ಅವರ ಮಗಳಿಗೆ ಆ ಭಾಷೆ ಗೊತ್ತಿರಲಿಲ್ಲ. ಆದರೆ ಅವರು ಒಂದು ದಿನವೂ ಹಾಗೆ ಹೇಳಿದವರಲ್ಲ. “ನನ್ನ ಮಗಳಿಗೆ ನಮ್ಮ ಭಾಷೇದು ನಾಲ್ಕು ಪದ ಬರುತ್ತೆ,” ಎನ್ನುತ್ತಿದ್ದರು. ಇಲ್ಲದ್ದನ್ನು ಹಿಡಿದು ಜನರನ್ನು ಕರೆಯಬಾರದು ಎನ್ನುವುದು ಅವರ ಪಾಠ. ನನ್ನ ಅಂಗಡಿಗೆ ಬಂದಿದ್ದ ನಮ್ಮ ಕಡೆಯ ಆಂಟಿಯೊಬ್ಬರು ನನ್ನನ್ನು ತೋರಿಸಿ, “ಇವ್ರಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ ಅಂಕಲ್, ನಾನು ಎಕ್ಸ್‌ಪ್ಲೇನ್ ಮಾಡ್ತೀನಿ,” ಎಂದು ಉಪಕಾರಕ್ಕೆ ಬಂದಾಗ ಅವರು ಶಾಂತವಾಗಿ ಹೇಳಿದ್ದರು: “ನಮ್ಮಜ್ಜಿಗೂ ಒಂದೇ ಭಾಷೆ. ಸರ್ಕಾರದೋರು ಅವಳನ್ನ ಇಂಗ್ಲಿಷ್ ಇಲ್ಲದೋಳು ಅಂದ್ರು. ನಮ್ಮಲ್ಲಿ ಅದಕ್ಕೆ ಒಳ್ಳೇ ಹೆಸರಿದೆ, ಒಂದು ಭಾಷೆಯೋಳು ಅಂತ. ಹೆಂಗಸು ಅದೇ ಹೆಂಗಸು.”

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ.

ಮಾರುವವರು ಸರಕು ಎಲ್ಲಿ ತಯಾರಾಗುತ್ತದೋ ಅಲ್ಲಿ ಒಂದು ಕಾಲು ಇಡಬೇಕು. ಇದನ್ನು ಬೇಕಾದರೆ ಬರೆದಿಟ್ಟುಕೊಳ್ಳಿ. ತಿಪಟೂರಿನಲ್ಲಿ ನನ್ನ ತಮ್ಮನ ಹೆಂಡತಿಯನ್ನು ಮುಂದಿಟ್ಟುಕೊಂಡು ಕೊಬ್ಬರಿ ಮಿಠಾಯಿ, ಚಟ್ನಿಪುಡಿ ಮಾಡುವ ಒಂದು ಘಟಕ ಹಾಕಬೇಕೆಂಬುದು ನನ್ನ ಯೋಜನೆ. ಅದು ನಿಲ್ಲುವ ತನಕ ವರ್ಷಾನುಗಟ್ಟಲೆ ನಾನು ಹೆಚ್ಚಿನ ಕಾಲ ಅಲ್ಲೇ ಇರಬೇಕು. ಗ್ರೀನ್ ಕಾರ್ಡಿನವರು ಹಾಗೆ ಹೊರಗೆ ಇದ್ದುಬಿಟ್ಟರೆ ಕಾರ್ಡಿಗೇ ಸಂಚಕಾರ. ದಾರಿ ಒಂದೇ. ಅಮೆರಿಕದ ಸಿಟಿಜನ್ ಆಗುವುದು, ಆಮೇಲೆ ಇಂಡಿಯಾದವರು ಕೊಡುವ ಇನ್ನೊಂದು ಕಾರ್ಡ್ ಹಿಡಿದು ಬೇಕಾದಷ್ಟು ದಿನ ಊರಿನಲ್ಲಿ ಇರುವುದು. ಅಂದರೆ ತವರಿನಲ್ಲಿ ಇರಬೇಕಾದರೆ ತವರಿನ ಪಾಸ್‌ಪೋರ್ಟ್ ಬಿಡಬೇಕು. ವಿಚಿತ್ರ, ಆದರೆ ಲೆಕ್ಕ ಸರಿಯಾಗಿತ್ತು. ಅಪ್ಲೈ ಮಾಡಿದೆ. ‘ಅದೊಂದು ಕಾಗದ ಅಷ್ಟೇ’ ಎಂದು ಎಲ್ಲರಿಗೂ ನಾನೇ ಹೇಳಿಕೊಂಡು ತಿರುಗಿದೆ.

ಇಂಟರ್‌ವ್ಯೂಗೆ ತಯಾರು ಮಾಡುವ ಹೊಣೆ ತಾತ ಹೊತ್ತರು. ಕೈ ನಡುಗದಂತೆ ಊರಿಕೊಳ್ಳುವ ಕೋಲನ್ನು ಬೋರ್ಡಿಗೆ ಆನಿಸಿ, ಬರೆಯುತ್ತ, ನನ್ನ ಕಡೆ ತಿರುಗದೆಯೇ ಆಫೀಸರಿನ ದನಿಯಲ್ಲಿ ಪ್ರಶ್ನೆ ಹಾಕುತ್ತಿದ್ದರು. ಅವರಿಗೆ ಪ್ರಿಯವಾದ ಪ್ರಶ್ನೆ ಒಂದಿತ್ತು: ಇಲ್ಲಿಯ ಜನ ಬ್ರಿಟಿಷರ ಮೇಲೆ ಯಾಕೆ ಯುದ್ಧ ಮಾಡಿದರು? ದಿನವೂ ಕೇಳುತ್ತಿದ್ದರು.

“ಟ್ಯಾಕ್ಸ್ ಜಾಸ್ತಿ ಆಗಿತ್ತು.”

“ಜೋರಾಗಿ ಹೇಳು. ಲಂಡನ್‌ಗೆ ಕೇಳಿಸ್ಬೇಕು.”

“ಟ್ಯಾಕ್ಸ್ ಜಾಸ್ತಿ ಆಗಿತ್ತು!”

“ಪಾಸ್!”

ಇಂಟರ್‌ವ್ಯೂಗೆ ಇನ್ನೇನು ಕೆಲವೇ ದಿನ ಇರುವಾಗ ತಮ್ಮನ ಫೋನ್ ಬಂತು. ಘಟಕಕ್ಕೆ ಜಾಗ ನೋಡಿದ್ದ, ಖುಷಿಯಲ್ಲಿದ್ದ. ಮಾತು ಮುಗಿಯುವಾಗ ತಮಾಷೆಗೆ ಅಂದ:

“ಅಕ್ಕ, ಇನ್ಮೇಲೆ ನೀನು ತವರಿಗೆ ಬರ್ಬೇಕಂದ್ರೆ ವೀಸಾ ಮಾಡ್ಸು. ಬಾಗ್ಲಲ್ಲಿ ನಾನು ಸ್ಟಾಂಪ್ ಹಾಕ್ತೀನಿ.”

ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನಗಲು ಆಗಲಿಲ್ಲ. ತವರಿಗೆ ವೀಸಾ! ಹೆಣ್ಣುಮಕ್ಕಳಿಗೆ ಮದುವೆಯ ದಿನವೇ ಒಂದು ಸಲ ಹೊರಗಿನವಳಾಗುವ ಶಾಸ್ತ್ರ ಆಗಿರುತ್ತದೆ. ಇದು ಎರಡನೆಯ ಸಲ, ಅದೂ ನಾನೇ ಕೈ ಎತ್ತಿ, ನಾನೇ ಬಾಯಿ ಬಿಟ್ಟು. ರಾತ್ರಿ ಊಟಕ್ಕೆ ಕೂತಾಗ ಹೇಳಿಕೊಂಡೆ. ಯಜಮಾನರು, “ನೀನೇ ಕಾಗದ ಅಂತಿದ್ದೆಯಲ್ಲ,” ಅಂದರು. ಕಾಗದ ಎಂದು ಹೇಳುವುದು ಬೇರೆಯವರ ಕಾಗದದ ಬಗ್ಗೆ ಸುಲಭ.

ಮರುದಿನ ತಾತನ ಅಂಗಡಿಗೆ ಹೋಗಿ, “ನಾನು ಇಂಟರ್‌ವ್ಯೂಗೆ ಹೋಗಲ್ಲ,” ಎಂದೆ. ಯಾಕೆ ಎಂದರು. ಹೇಳಿದೆ. ಅಷ್ಟು ವರ್ಷ ಮಂಡಿಯಲ್ಲಿ ಬೆಳೆದವಳು, ಬೋರ್ಡಿನ ಅಂಗಡಿಯಲ್ಲಿ ಕೂತು ಅತ್ತುಬಿಟ್ಟೆ.

ಅವರು ಸಮಾಧಾನ ಮಾಡುವ ಮನುಷ್ಯರಲ್ಲ. ಕುಂಚಗಳನ್ನು ಒಂದೊಂದಾಗಿ ಟರ್ಪೆಂಟೈನಿನಲ್ಲಿ ತೊಳೆಯುತ್ತ ತಮ್ಮ ಕಥೆ ಹೇಳಿದರು. ಅವರೂ ಇಲ್ಲಿ ಪ್ರಮಾಣ ಮಾಡಿದವರೇ. ಹಿಂದಿನ ರಾಜ, ರಾಜ್ಯಗಳ ನಿಷ್ಠೆಯನ್ನೆಲ್ಲ ಬಿಟ್ಟೆ ಎಂದು ಹೇಳಬೇಕಲ್ಲ, ಆ ಸಾಲು ಬಂದಾಗ ಅವರಿಗೆ ಮೈ ಪುಳಕ. “ಎರಡು ಸಲ ಹೇಳು ಅಂದಿದ್ರೆ ಎರಡು ಸಲ ಹೇಳ್ತಿದ್ದೆ.” ಕಷ್ಟವಾದದ್ದು ಅದಕ್ಕೆ ಮೊದಲು. ಆ ಸಭೆಯಲ್ಲಿ ಒಂದೊಂದೇ ದೇಶದ ಹೆಸರು ಕೂಗುತ್ತಾರೆ, ಆ ದೇಶದಿಂದ ಬಂದವರು ಎದ್ದು ನಿಲ್ಲಬೇಕು. ಬ್ರಿಟನ್ನಿನ ಹೆಸರು ಬಂತು. ತಾತ ಏಳಲಿಲ್ಲ. ತಮ್ಮದು ಇನ್ನೂ ಬರಬೇಕೆಂದು ಕಾದರು. ಪಟ್ಟಿ ಮುಗಿಯಿತು. ಸಭೆಯಲ್ಲಿ ಇನ್ನೂ ಏಳದೆ ಕೂತಿದ್ದವರು ಅವರೊಬ್ಬರೇ.

“ಪಟ್ಟಿ ಕೂಗ್ತಿದ್ದ ಹೆಂಗಸು ಕನ್ನಡಕ ಸರಿ ಮಾಡ್ಕೊಂಡು ಕೇಳಿದ್ಲು, ‘ಸರ್, ಯಾವ ದೇಶ ಬಿಟ್ಟೋಯ್ತು?’ ಅಂತ. ‘ಕಮ್ರಿ’ ಅಂದೆ. ಪಟ್ಟಿ ನೋಡಿದ್ಲು. ಇಲ್ಲ. ಮತ್ತೆ ನೋಡಿದ್ಲು. ಎಲ್ಲಿಂದ ಬರ್ಬೇಕು? ಆಮೇಲೆ, ಪಾಪ ಒಳ್ಳೇ ಹೆಂಗಸು, ಮೈಕಲ್ಲಿ ‘ಕಮ್‌-ರೀ’ ಅಂತ ಕೂಗೇಬಿಟ್ಲು. ಎದ್ದು ನಿಂತೆ. ಎಲ್ಲಾ ಚಪ್ಪಾಳೆ. ಪಕ್ಕದೋನು ಕೇಳಿದ, ಆಫ್ರಿಕಾದಲ್ಲಿ ಬರುತ್ತಾ ಅಂತ.”

ಅಳುತ್ತಿದ್ದವಳಿಗೆ ನಗು ಬಂತು.

“ಅಂದ್ರೆ ನೋಡು,” ಅಂದರು. “ನನ್ನ ನಾಡಿನ ಹೆಸರು ಅವರ ಪಟ್ಟೀಲಿ ಇರ್ಲೇ ಇಲ್ಲ. ಯಾವ ಪಾಸ್‌ಪೋರ್ಟಲ್ಲೂ ಅದನ್ನ ಯಾರೂ ಬರೆದಿಲ್ಲ. ಬರೀದೇ ಇದ್ದಿದ್ದನ್ನ ಅಳಿಸೋಕೆ ಯಾರಿಂದ ಆಗುತ್ತೆ? ನಾನು ಅಳಿಸೋದ್ರಲ್ಲಿ ಅನುಭವಸ್ಥ, ನನಗೆ ಗೊತ್ತು.”

ನಾನು ಬಿಡುವವಳೇ? “ನಿಮ್ದು ಪಟ್ಟೀಲಿಲ್ಲ, ಸರಿ ತಾತ. ನಂದು ಇದೆ. ಇಂಡಿಯಾ ಅಂತ ಕೂಗ್ತಾರೆ, ನಾನು ಎದ್ದು ನಿಲ್ತೀನಿ, ಆಮೇಲೆ ಅದನ್ನ ಬಿಟ್ಟೆ ಅಂತೀನಿ. ಅದು ಹೋಗುತ್ತಲ್ಲ?”

ಅವರು ತೊಳೆಯುವುದನ್ನು ನಿಲ್ಲಿಸಿದರು. ಬೇರೆ ಯಾರಾದರೂ ಆಗಿದ್ದರೆ ‘ಇಲ್ಲ ಇಲ್ಲ, ಏನೂ ಹೋಗುವುದಿಲ್ಲ’ ಎನ್ನುತ್ತಿದ್ದರು. ನಮ್ಮ ಕಡೆಯವರು ಎಲ್ಲರೂ ಹಾಗೆಯೇ ಅಂದಿದ್ದರು.

“ಹೋಗುತ್ತೆ,” ಅಂದರು ತಾತ. “ಸುಳ್ಳು ಹೇಳಲ್ಲ. ಅದಕ್ಕೆ ಎಷ್ಟು ಅಳ್ಬೇಕೋ ಅಷ್ಟು ಅಳು. ಆದ್ರೆ ನಿನ್ನ ಬೋರ್ಡಿನ ಮೇಲಿನ ಸಾಲಲ್ಲಿ ನೀನು ಬರೆಸಿದ್ದು ಆ ಹೆಸರಲ್ಲ, ನಿಮ್ಮೂರಿನ ಹೆಸರು. ಅವರು ಕೇಳೋದನ್ನ ಕೊಡು. ಕೇಳದೇ ಇರೋದನ್ನ ನೀನಾಗೇ ಯಾಕೆ ತಟ್ಟೇಲಿಟ್ಟು ಕೊಡ್ತೀಯ? ವ್ಯಾಪಾರದೋಳು ಅಂತೀಯ!”

ಆ ಮಾತು ತಗುಲಿತು. ಎದುರಿನವನು ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಬರುವುದು ಮಂಡಿಯಲ್ಲಿ ದಡ್ಡತನ ಎನಿಸಿಕೊಳ್ಳುತ್ತದೆ. ಕಣ್ಣೊರೆಸಿಕೊಂಡೆ. “ಪ್ರಶ್ನೆ ಕೇಳಿ ತಾತ,” ಎಂದೆ.

ಇಂಟರ್‌ವ್ಯೂನಲ್ಲಿ ಪಾಸಾದೆ. ಬ್ರಿಟಿಷರ ಪ್ರಶ್ನೆಯನ್ನು ಆ ಆಫೀಸರು ಕೇಳಲಿಲ್ಲ ಎಂದು ತಾತನಿಗೆ ಬಹಳ ಬೇಸರವಾಯಿತು. ಪ್ರಮಾಣದ ದಿನ ಅಟ್ಲಾಂಟಾಕ್ಕೆ ಯಜಮಾನರ ಜೊತೆ ಅವರೂ ಬಂದರು, ಇಸ್ತ್ರಿ ಮಾಡಿದ ಅಂಗಿ, ಬಣ್ಣವಿಲ್ಲದ ಪ್ಯಾಂಟು. ಇಂಡಿಯಾ ಎಂದು ಕೂಗಿದಾಗ ಎದ್ದು ನಿಂತೆ. ಪಕ್ಕದಲ್ಲಿದ್ದ ಜಮೈಕಾದ ನರ್ಸಮ್ಮ ಟಿಶ್ಯೂ ಕೊಟ್ಟಳು, ಅವಳ ದೇಶದ ಹೆಸರು ಬಂದಾಗ ಅದೇ ಟಿಶ್ಯೂವಿನ ಅರ್ಧ ನಾನು ಅವಳಿಗೆ ಕೊಟ್ಟೆ. ಕೈ ಎತ್ತಿ ಎಲ್ಲವನ್ನೂ ಹೇಳಿದೆ. ಹೊರಗೆ ಬಂದಾಗ ತಾತ ಅಭಿನಂದನೆ ಹೇಳಲಿಲ್ಲ. “ಹಸಿವಾಗಿದೆಯಾ?” ಅಂದರು. ಮೂವರೂ ಹೋಗಿ ಹೊಟ್ಟೆ ತುಂಬ ತಿಂದೆವು, ಅವರ ಖರ್ಚಿನಲ್ಲಿ. ನಾನು ತಡೆಯಲಿಲ್ಲ.

ಆ ವರ್ಷವೇ ಅವರು ಅಂಗಡಿಯಲ್ಲಿ ಏಣಿಯಿಂದ ಜಾರಿ ಸೊಂಟ ಮುರಿದುಕೊಂಡರು. ಮಗಳು ಬಂದು ಷಾರ್ಲೆಟ್‌ಗೆ ಕರೆದುಕೊಂಡು ಹೋದಳು. ಕುಂಚಗಳನ್ನೆಲ್ಲ ಹಂಚಿಬಿಟ್ಟರು. ಫೋನಿನಲ್ಲಿ ಮಾತ್ರ ವಾರಕ್ಕೊಂದು ಸಲ ಸಿಗುತ್ತಿದ್ದರು. ನಾನು ಕೊಟ್ಟ ಸಲಹೆಗಳನ್ನು, ವಾಕರ್ ಹೇಗೆ ಹಿಡಿಯಬೇಕು ಎನ್ನುವುದರಿಂದ ಹಿಡಿದು, ಒಂದನ್ನೂ ಕೇಳಲಿಲ್ಲ.

ರದ್ದಾದ ಪಾಸ್‌ಪೋರ್ಟು ತೂತು ಹೊಡೆಸಿಕೊಂಡು ವಾಪಸು ಬಂತು. ಹೊಸ ಕಾರ್ಡೂ ಬಂತು. ಮರುವರ್ಷ ಊರಿಗೆ ಹೊರಟೆ. ಬೆಂಗಳೂರಿನಲ್ಲಿ ಇಳಿದು ವಿದೇಶಿಯರ ಸಾಲಿನಲ್ಲಿ ನಿಂತೆ. ಪಕ್ಕದ ಇಂಡಿಯಾದವರ ಸಾಲು ಉದ್ದವಿತ್ತು, ನನ್ನದು ಚಿಕ್ಕದು, ಆದರೂ ಆ ಉದ್ದದ ಸಾಲನ್ನೇ ನೋಡುತ್ತಿದ್ದೆ. ನನ್ನ ಸರದಿ ಬಂತು. ಕಿಟಕಿಯ ಹಿಂದೆ ಕೂತಿದ್ದ ಹುಡುಗ ನೀಲಿ ಪಾಸ್‌ಪೋರ್ಟ್ ತೆಗೆದುಕೊಂಡು, ಮುಖ ನೋಡದೆ ಇಂಗ್ಲಿಷಿನಲ್ಲಿ ಕಾರ್ಡ್ ಕೇಳಿದ. ಚೀಲದಲ್ಲಿ ಕೈಗೆ ಸಿಗುತ್ತಿಲ್ಲ. “ಥತ್, ಈ ಕಾರ್ಡ್ ಎಲ್ಲಿ ಹಾಳಾಗೋಯ್ತೋ,” ಎಂದು ನನ್ನಷ್ಟಕ್ಕೆ ಗೊಣಗಿದೆ.

ಹುಡುಗ ತಲೆ ಎತ್ತಿದ. “ನಿಧಾನಕ್ಕೆ ಹುಡುಕಿ ಅಮ್ಮ. ಯಾವೂರು ನಿಮ್ದು?”

“ತಿಪಟೂರು.”

“ಹೌದಾ? ನಮ್ದು ಅರಸೀಕೆರೆ.” ಕಾರ್ಡು ಸಿಕ್ಕಿತು, ಕೊಟ್ಟೆ. ಅದನ್ನು ನೋಡುತ್ತ ಕೇಳಿದ, “ಕೊಬ್ಬರಿ ರೇಟ್ ಹೆಂಗಿದೆಯಂತಮ್ಮ ಈಗ?”

ಅಮೆರಿಕದ ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದುಕೊಂಡು ನನ್ನನ್ನು ಕೊಬ್ಬರಿ ರೇಟು ಕೇಳುತ್ತಿದ್ದಾನೆ! ನನಗೆ ಗೊತ್ತಿತ್ತು, ತಮ್ಮ ಪ್ರತಿ ಹರಾಜಿನ ರೇಟನ್ನೂ ಕಳಿಸುತ್ತಿದ್ದ. ಹೇಳಿದೆ. “ಪರ್ವಾಗಿಲ್ಲ, ಏರಿದೆ. ಅಪ್ಪಂಗೆ ಹೇಳ್ತೀನಿ, ಇನ್ನೊಂದು ವಾರ ತಡೀಲಿ,” ಎಂದು ಸ್ಟಾಂಪ್ ಒತ್ತಿದ. “ತಡೀಬೇಡಿ ಅನ್ನು, ಈಗ್ಲೇ ಮಾರ್ಲಿ,” ಎಂದು ಸಲಹೆ ಕೊಟ್ಟೇ ಮುಂದೆ ನಡೆದೆ.

ತಿಪಟೂರಿಗೆ ಬಂದ ಮರುದಿನ ತಾತನಿಗೆ ಫೋನ್ ಮಾಡಿದೆ. ಮಂಡಿಯ ಪಕ್ಕದಲ್ಲಿ ನಿಂತಿದ್ದೆ, ಹಿಂದೆ ಚೀಲ ಇಳಿಸುವವರ ಕೂಗಾಟ. ನಡೆದದ್ದನ್ನೆಲ್ಲ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ.

“ಅವನಾಗಿ ನಿನ್ನ ಭಾಷೇಲಿ ಕೇಳಿದ್ನಾ?”

“ಹೂಂ ತಾತ, ಅವನಾಗೇ.”

“ನಾನು ಎಷ್ಟೋ ಸಲ ಊರಿಗೆ ಹೋಗಿ ಬಂದೆ,” ಅಂದರು. “ನನ್ನ ದೇಶಕ್ಕೆ ಗಡಿ ಕಾಯೋರೇ ಇಲ್ಲ. ವಿಮಾನ ಇಳಿಯೋದು ಲಂಡನ್ನಲ್ಲಿ. ಅಲ್ಲಿ ಕಿಟಕಿ ಹಿಂದೆ ಕೂತೋರು ಒಬ್ಬರೂ ಒಂದು ಸಲವೂ ನನ್ನ ಮಾತಲ್ಲಿ ನನ್ನನ್ನ ಕೇಳಿಲ್ಲ. ಕೇಳಿದ್ರೆ ಏನು ಹೇಳ್ಬೇಕು ಅಂತ ಉತ್ತರ ರೆಡಿ ಇಟ್ಕೊಂಡಿದ್ದೆ ಬಾಖ್. ಇನ್ನು ಹೋಗೋದಂತೂ ಇಲ್ಲ.”

ಅವರ ಭಾಷೆ ನನಗೆ ಬರುತ್ತಿರಲಿಲ್ಲ. ನನಗೆ ಬರುವುದರಲ್ಲೇ ಕೇಳಿದೆ.

“ಯಾವೂರು ತಾತ ನಿಮ್ದು?”

ಕಿಟಕಿಯ ಹುಡುಗ ಕೇಳಿದ ಪ್ರಶ್ನೆ ಇದೇ ಎಂದು ಅವರಿಗೆ ಅರ್ಥವಾಯಿತು. ಆಮೇಲೆ ಅವರ ಭಾಷೆಯಲ್ಲಿ ಶುರು ಮಾಡಿದರು. ಮೊದಲು ಮೆಲ್ಲಗೆ, ಸಾಕ್ಷಿ ಹೇಳುವವರ ಹಾಗೆ. ಬರುಬರುತ್ತ ದನಿ ಏರಿತು, ಎಲ್ಲೋ ಒಂದು ಕಡೆ ನಕ್ಕರು, ಎಲ್ಲೋ ಒಂದು ಕಡೆ ನಿಂತು ಮತ್ತೆ ಹಿಡಿದರು. ಇಷ್ಟು ಉದ್ದದ ಉತ್ತರ ಅವರು ಯಾವ ಕಾಲದಿಂದ ಕಟ್ಟಿಟ್ಟುಕೊಂಡಿದ್ದರೋ. ಗೋಡೆಯ ಕಡೆ ತಿರುಗಿ, ಇನ್ನೊಂದು ಕಿವಿಯನ್ನು ಕೈಯಿಂದ ಮುಚ್ಚಿಕೊಂಡು ಕೇಳುತ್ತ ನಿಂತೆ. ತಮ್ಮ ಬಂದು ಹರಾಜು ಶುರುವಾಯಿತೆಂದು ಕೈಸನ್ನೆ ಮಾಡಿದ. ನೀನು ಹೋಗು ಎಂದು ನಾನೂ ಕೈಸನ್ನೆ ಮಾಡಿದೆ.

ಕೊನೆಗೆ ಅವರು ನಿಲ್ಲಿಸಿ, ನನ್ನ ಅಂಗಡಿಯಲ್ಲಿ ಕಲಿತ ಕನ್ನಡದಲ್ಲಿ, “ಸಾಕಾ?” ಅಂದರು.

“ಇನ್ನೂ ಹೇಳಿ ತಾತ,” ಎಂದೆ.